ಭಾನುವಾರ ಡ್ರೋನ್ ಬರುತ್ತಿದೆ, ಮೆಕ್ಕೆಜೋಳದವರು ಓದಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 7ಕ್ಕೆ ಕೆರೆ ಕೆಳಗಿನ ಹೊಲಗಳಲ್ಲಿ ಡ್ರೋನ್ ಹಾರಿಸಿ ಕಳೆ ನಕ್ಷೆ ಮಾಡಿಸುತ್ತಿದ್ದೇವೆ. ಬಿತ್ತಿ 15–20 ದಿನ ಆದ ಮೆಕ್ಕೆಜೋಳಕ್ಕೆ ಮಾತ್ರ. ಯಾಕಂದ್ರೆ ಈಗ ಸಾಲು ಚೆನ್ನಾಗಿ ಕಾಣುತ್ತದೆ, ಸಾಲುಗಳ ನಡುವಿನ ಹಸಿರನ್ನು ಕಳೆ ಅಂತ ಚಿತ್ರದಲ್ಲಿ ಗುರುತಿಸಬಹುದು. ಬೆಳೆ ಎದ್ದು ಸಾಲು ಮುಚ್ಚಿಕೊಂಡರೆ ಮೇಲಿಂದ ಏನೂ ಗೊತ್ತಾಗುವುದಿಲ್ಲ.

ನಕ್ಷೆ ಬಂದ ಮೇಲೆ ಕಳೆ ಇರುವ ಜಾಗಕ್ಕಷ್ಟೇ ಔಷಧಿ. ಇಡೀ ಹೊಲಕ್ಕೆ ಸುಮ್ನೆ ಸುರಿಯುವುದು ಬೇಡ, ದುಡ್ಡೂ ದಂಡ ಅಲ್ವಾ. ಆದರೆ ಬೆಳೆಯ ಬುಡದಲ್ಲೇ ಇರುವ ಹುಲ್ಲಿಗೆ ಕೈಯೇ ಗತಿ, ಡ್ರೋನ್ ಬಂತು ಅಂತ ಕಳೆ ಕೀಳುವ ಕುರ್ಚಿಗೆಯನ್ನು ಅಟ್ಟಕ್ಕೆ ಎಸೆಯಬೇಡಿ.

ಶುಕ್ರವಾರ ಸಂಜೆಯೊಳಗೆ ಇಲ್ಲೇ ಹಾಕಿ: ಎಷ್ಟು ಎಕರೆ, ಬಿತ್ತಿದ ದಿನ, ಹೊಲದ ಲೊಕೇಶನ್. ಕರೆಂಟ್ ತಂತಿ, ತೆಂಗಿನ ಮರ ಇದ್ದರೆ ಅದನ್ನೂ.

ಪಕ್ಕದಲ್ಲಿ ಹತ್ತಿ ಇರುವವರು ಖಂಡಿತ ತಿಳಿಸಿ. 2,4-ಡಿ ಅನ್ನುವ ಕಳೆ ಔಷಧಿ ಗಾಳಿಗೆ ಸ್ವಲ್ಪ ಹಾರಿ ಬಿದ್ದರೂ ಹತ್ತಿ ಎಲೆ ಮುರುಟುತ್ತದೆ, ಆಮೇಲೆ ಬದುವಿನ ಮೇಲೆ ಜಗಳ. ಅಂಥ ಕಡೆ ಅದನ್ನು ಹೊಡೆಯುವುದೇ ಇಲ್ಲ. ಗಾಳಿ ಜೋರಿದ್ದರೆ ಯಾವ ಔಷಧಿಯೂ ಇಲ್ಲ, ಮುಂದಕ್ಕೆ ಹಾಕುತ್ತೇವೆ. ಸಿಂಪಡಿಸುವ ದಿನ ದನ, ಮಕ್ಕಳು ಹೊಲದ ಹತ್ತಿರ ಬೇಡ.

ಬೇಡ ಅನ್ನುವವರೂ ದಯವಿಟ್ಟು ‘ಬೇಡ’ ಅಂತ ಬರೆಯಿರಿ. ಬರೀ ಹೆಬ್ಬೆಟ್ಟು ಒತ್ತಿದರೆ ಏನಂತ ತಿಳಿಯಲಿ?