ಹಳೆ ಗೋಡೆಗೆ ಸುಣ್ಣದ ಗಾರೆಯೇ ಬೇಕು

ಮಾನ್ಯ ಸಂಪಾದಕರೇ,

ಇಂಗ್ಲೆಂಡಿನ ಹಳ್ಳಿ ಪಬ್‌ಗಳ ಬಗ್ಗೆ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಚೆನ್ನಾಗಿತ್ತು. ಆದರೆ ಬಿಳಿ ಗೋಡೆ, ಕಪ್ಪು ತೊಲೆಯ ನೋಟ ಮೊದಲಿನಿಂದಲೂ ಇತ್ತು ಎಂಬ ಮಾತು ಪೂರ್ತಿ ಸರಿಯಲ್ಲ. ತೊಲೆಗೆ ಕಪ್ಪು ಬಳಿದದ್ದು ಬಹುಪಾಲು 19ನೇ ಶತಮಾನದಲ್ಲಿ. ಅದಕ್ಕೂ ಮೊದಲು ಓಕ್ ಮರವನ್ನು ಹಾಗೇ ಬಿಡುತ್ತಿದ್ದರು, ಇಲ್ಲವೇ ಗೋಡೆ, ತೊಲೆ ಎರಡಕ್ಕೂ ಸುಣ್ಣ ಹೊಡೆಯುತ್ತಿದ್ದರು.

ಗೋವಾದ ಹಳೆ ಮನೆಗಳನ್ನು ಅಂಥ ಪಬ್‌ಗಳಾಗಿ ಮಾಡಿಸುವ ಮಾಲೀಕರೂ, ಆ ಕೆಲಸಕ್ಕೆ ನಿಲ್ಲುವ ವಿಜಯಪುರ, ಬಾಗಲಕೋಟೆ ಕಡೆಯ ನಮ್ಮ ಗೌಂಡಿಗಳೂ ಬಣ್ಣಕ್ಕಿಂತ ಮೊದಲು ಗೋಡೆಯ ಗುಣ ತಿಳಿಯಬೇಕು. ಇಂಗ್ಲೆಂಡಿನ ಓಕ್ ಚೌಕಟ್ಟಿನ ಕೀಲುಗಳಿಗೆ ಮರದ ಗೂಟವೇ ಮೊಳೆ. ನಡುವಿನ ಜಾಗಕ್ಕೆ ಕಡ್ಡಿ ಹೆಣೆದು, ಜೇಡಿಮಣ್ಣು, ಹುಲ್ಲು, ಸೆಗಣಿ ಕಲಸಿ ಮೆತ್ತುತ್ತಿದ್ದರು, ಥೇಟ್ ನಮ್ಮ ತಟ್ಟಿಗೋಡೆ. ಮೇಲೆ ಸುಣ್ಣದ ಗಾರೆ. ಇಂಥ ಗೋಡೆ ನೀರು ಕುಡಿದರೂ ಬಿಸಿಲಿಗೆ ಬಿಟ್ಟುಕೊಡುತ್ತದೆ. 20ನೇ ಶತಮಾನದಲ್ಲಿ ಎಷ್ಟೋ ಕಡೆ ಇದರ ಮೇಲೆ ಸಿಮೆಂಟ್ ಗಿಲಾವು ಮಾಡಿದರು. ಮರ ಹಿಗ್ಗಿ ಕುಗ್ಗಿದಂತೆ ಸಿಮೆಂಟ್ ಬಗ್ಗದು; ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಅಲ್ಲಿಂದ ಇಳಿದ ಮಳೆನೀರಿಗೆ ಹೊರದಾರಿಯಿಲ್ಲ, ಚೌಕಟ್ಟಿನ ಬುಡದ ಅಡಿತೊಲೆಯಲ್ಲಿ ನಿಲ್ಲುತ್ತದೆ. ಹೊರಗೆ ಗೋಡೆ ಗಟ್ಟಿ. ಚಾಕು ಚುಚ್ಚಿದರೆ ಅಡಿತೊಲೆ ನೆನೆದ ಬೆಂಡು.

ಗೋವಾದ ಕೆಂಪು ಮುರಕಲ್ಲಿನ (ಲ್ಯಾಟರೈಟ್) ಗೋಡೆಗೂ ಇದೇ ಗತಿ. ನೆಲದಿಂದ ಏರಿದ ತೇವ ಸಿಮೆಂಟಿನ ಹಿಂದೆ ಸಿಕ್ಕಿಬಿದ್ದು, ಉಪ್ಪು ಹರಳುಗಟ್ಟಿ, ಕಲ್ಲು ಪುಡಿಪುಡಿಯಾಗಿ ಉದುರುತ್ತದೆ. ಪ್ಲಾಸ್ಟಿಕ್ ಪೇಂಟ್ ಬಳಿದರಂತೂ ಇನ್ನೂ ಬೇಗ.

ಹಳೆ ಸಿಮೆಂಟನ್ನು ಬ್ರೇಕರ್ ಯಂತ್ರ ಹಾಕದೆ ಉಳಿ ಸುತ್ತಿಗೆಯಿಂದಲೇ ಬಿಡಿಸಬೇಕು. ಹೊಸ ಗಾರೆಗೆ ಅರಳಿಸಿ 3 ತಿಂಗಳು ನೀರಿನಡಿ ಇಟ್ಟ ಸುಣ್ಣ 1 ಪಾಲು, ತೊಳೆದ ಒರಟು ಮರಳು 3 ಪಾಲು. ಸಮುದ್ರದ ಮರಳು ಬೇಡವೇ ಬೇಡ. ಗೋಡೆ ನೆನೆಸಿ, ಪದರ 10 ಮಿ.ಮೀ. ಮೀರದಂತೆ ಹಚ್ಚಿ, ಒಂದು ವಾರ ಒದ್ದೆ ಗೋಣಿತಟ್ಟು ಇಳಿಬಿಡಬೇಕು. ಸುಣ್ಣ ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ, ಅದೂ ನಿಧಾನವಾಗಿ. ಬಿಸಿಲಿಗೆ ಬೇಗ ಒಣಗಿದರೆ ಕೈಗೆ ಪುಡಿ ಹತ್ತುತ್ತದೆ. ಬೇಗ ಬಿಗಿಯಲಿ ಎಂದು ಹಿಡಿ ಸಿಮೆಂಟ್ ಬೆರೆಸಿದರೆ ಪಟ್ಟ ಪಾಡೆಲ್ಲ ವ್ಯರ್ಥ. ಮಳೆ ಪೂರ್ತಿ ನಿಂತ ಮೇಲೆ, ನವೆಂಬರ್ ಹೊತ್ತಿಗೆ ಕೆಲಸ ಹಿಡಿಯುವುದು ಒಳ್ಳೆಯದು. ಮೇ ಕೊನೆಯಲ್ಲಿ ಹಚ್ಚಿದ ಗಾರೆ ಜೂನ್ ಮಳೆಗೆ ತೊಳೆದುಹೋಗುತ್ತದೆ.

ಚದರಡಿ ಲೆಕ್ಕದಲ್ಲಿ ಕೂಲಿ ಕೊಟ್ಟು ಗೌಂಡಿಯನ್ನು ಅವಸರಿಸುವ ಮಾಲೀಕರೇ ಈ ತಪ್ಪಿಗೆ ಹೆಚ್ಚು ಹೊಣೆ. ಗಾರೆ ಕೆಲಸಕ್ಕೆ ದಿನಗೂಲಿಯೇ ನ್ಯಾಯ. ಕರಾರಿನಲ್ಲಿ ಸುಣ್ಣದ ಪಾಲು, ಪದರಗಳ ನಡುವಿನ ಬಿಡುವಿನ ದಿನಗಳನ್ನು ಮೊದಲೇ ಬರೆದುಕೊಳ್ಳಲಿ.

– ಹಳೆ ಮನೆ ದುರಸ್ತಿ ಕೆಲಸದ ಕನ್ನಡಿಗರು, ಮಡಗಾಂವ್