ಪಾಲಿಕೆ ಶಾಲೆಗಳೇ ಚಂಡಮಾರುತದ ಆಶ್ರಯತಾಣಗಳಾಗಲಿ

ಮಾನ್ಯ ಸಂಪಾದಕರೇ,

2020ರ ಜೂನ್ 3ರಂದು ನಿಸರ್ಗ ಚಂಡಮಾರುತವು ರಾಯಗಡ ಜಿಲ್ಲೆಯಲ್ಲಿ ದಡ ಸೇರಿದಾಗ ಮುಂಬೈ ಸ್ವಲ್ಪದರಲ್ಲೇ ಪಾರಾಯಿತು; ಮರುವರ್ಷದ ಮೇ 17ರಂದು ತೌಕ್ತೆ ಸಮುದ್ರದಲ್ಲೇ ಹಾದುಹೋದರೂ ಕೊಲಾಬಾದಲ್ಲಿ ಗಾಳಿಯ ವೇಗ ಗಂಟೆಗೆ 114 ಕಿ.ಮೀ. ಮುಟ್ಟಿತ್ತು. ಇಂತಹ ಹೊತ್ತಿನಲ್ಲಿ ತಗ್ಗಿನ ಬಡಾವಣೆಗಳ ಜನರನ್ನು ಸಾಮಾನ್ಯವಾಗಿ ಶಾಲೆಗಳಿಗೆ ಸಾಗಿಸಲಾಗುತ್ತದೆ. ಆದರೆ ನಾನು ಪಾಠ ಮಾಡುತ್ತಿದ್ದ ಕನ್ನಡ ಮಾಧ್ಯಮ ಶಾಲೆಯಲ್ಲಿ ಶೌಚಾಲಯ, ನೀರಿನ ಪಂಪು, ವಿದ್ಯುತ್ ಮೀಟರುಗಳೆಲ್ಲ ನೆಲಮಹಡಿಯಲ್ಲೇ ಇದ್ದವು. ಜೋರು ಮಳೆ ಬಂದರೆ ಮೊದಲು ಮುಳುಗುತ್ತಿದ್ದುದೂ ಅವೇ!

1999ರ ಮಹಾಚಂಡಮಾರುತದಿಂದ ಪಾಠ ಕಲಿತ ಒಡಿಶಾ, ಕರಾವಳಿಯಲ್ಲಿ ಕಂಬಗಳ ಮೇಲೆ ಎತ್ತರಿಸಿದ ಆಶ್ರಯತಾಣಗಳನ್ನು ಕಟ್ಟಿತು. ಉಕ್ಕಿಬಂದ ನೀರು ಕೆಳಗಿನ ತೆರವಿನಲ್ಲಿ ಹರಿದುಹೋಗುತ್ತದೆ, ಜನ ಮೇಲಿರುತ್ತಾರೆ, ಉಳಿದ ದಿನಗಳಲ್ಲಿ ಅವುಗಳಲ್ಲಿ ಎಷ್ಟೋ ಕಟ್ಟಡಗಳು ಶಾಲೆಗಳಾಗಿ ಬಳಕೆಯಾಗುತ್ತವೆ. ಅಂಗೈಯಗಲ ಜಾಗಕ್ಕೂ ಪರದಾಡುವ ಮುಂಬೈಯಲ್ಲಿ ಇದಕ್ಕೆಂದೇ ಪ್ರತ್ಯೇಕ ಕಟ್ಟಡ ಕೇಳುವುದು ವ್ಯರ್ಥ. ಆದ್ದರಿಂದ ಹಳೆಯ ಶಾಲೆಗಳನ್ನು ಕೆಡವಿ ಕಟ್ಟುವಾಗಲಾದರೂ ತಗಡಿನ ಬದಲು ಕಾಂಕ್ರೀಟ್ ಚಾವಣಿ, ಗಾಜಿನ ಕಿಟಕಿಗಳಿಗೆ ಗಟ್ಟಿ ಹೊರಬಾಗಿಲು, ಮೇಲ್ಮಹಡಿಯಲ್ಲಿ ಶೌಚಾಲಯ ಮತ್ತು ಜನರೇಟರ್, ವೃದ್ಧರಿಗೆ ಇಳಿಜಾರು ದಾರಿ ಇರಬೇಕೆಂದು ಪಾಲಿಕೆಯು ನಕ್ಷೆಯ ಹಂತದಲ್ಲೇ ಕಡ್ಡಾಯಗೊಳಿಸಬೇಕು.

– ನಿವೃತ್ತ ಶಿಕ್ಷಕ, ವಡಾಲಾ, ಮುಂಬೈ