ಬೆಳಿಗ್ಗೆ ಒಂಬತ್ತರ ಆರು ಮಕ್ಕಳು

2025ರ ಮೇ 2ಕ್ಕೆ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಮಗಳಿಗೆ ಗಣಿತದ ಲಿಖಿತ ಪರೀಕ್ಷೆಯಲ್ಲಿ 80ಕ್ಕೆ 44. 625ಕ್ಕೆ 620 ತೆಗೆದವರ ಫೋಟೊಗಳ ನಡುವೆ ಇದನ್ನು ಹಾಕಲು ನನಗೇನೂ ಸಂಕೋಚವಿಲ್ಲ. ಅದರ ಹಿಂದಿನ ಜೂನ್‌ನಲ್ಲಿ, ಶಾಲೆ ಶುರುವಾದಾಗ ಹಿಂದಿನ ತರಗತಿಗಳ ಪಾಠ ನೆನಪಿಸುವ ಸೇತುಬಂಧದ ಪೂರ್ವ ಪರೀಕ್ಷೆಯಲ್ಲಿ ಅವಳು ಹೆಸರು, ತರಗತಿ ಬಿಟ್ಟು ಹೆಚ್ಚೇನೂ ಬರೆದಿರಲಿಲ್ಲ. ಅವಳ ಗಣಿತದ ಮೇಷ್ಟ್ರಿಗೆ ನಮಸ್ಕಾರ ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದಾಗ ಅವಳು ಐದನೇ ತರಗತಿ. ಆರನೆಯದು ಬಹುಪಾಲು ಮನೆಯಲ್ಲೇ ಕಳೆಯಿತು. ವಿದ್ಯಾಗಮ ಅಂತ ದೇವಸ್ಥಾನದ ಜಗಲಿಯಲ್ಲಿ ಪಾಠ ನಡೆದದ್ದೂ ಕೆಲವೇ ವಾರ. ಮಕ್ಕಳು ತರಗತಿ ಏರುತ್ತಾ ಹೋದರು, ಭಿನ್ನರಾಶಿ ಹಿಂದೆಯೇ ಉಳಿಯಿತು. ಎಂಟರಲ್ಲಿ, ಕೊರೊನಾದಲ್ಲಿ ತಪ್ಪಿದ ಪಾಠ ತುಂಬಿಕೊಡಲೆಂದು ಕಲಿಕಾ ಚೇತರಿಕೆಯ ಹಾಳೆಗಳು ಬಂದವು. ಪಕ್ಕದವಳದ್ದು ನೋಡಿ ತುಂಬಿಸಿದಳಂತೆ. ಒಂಬತ್ತರಲ್ಲಿ ಟ್ಯೂಷನ್‌ಗೆ ಸೇರಿಸಲು ಹೋದರೆ, "ಇಂಥವರನ್ನ ತಗೊಂಡ್ರೆ ನಮ್ಮ ರಿಸಲ್ಟ್ ಕೆಡುತ್ತಮ್ಮ" ಅಂದರು.

ಗಣಿತದ ಮೇಷ್ಟ್ರೇ, ನೀವು ಸೇತುಬಂಧದ ಉತ್ತರ ಪತ್ರಿಕೆಗಳನ್ನು ಅಂಕ ನೋಡದೆ ತಪ್ಪು ನೋಡಿ ಮೂರು ಕಟ್ಟು ಮಾಡಿದಿರಿ. ಮೊದಲನೆಯವರಿಗೆ ತರಗತಿಯ ಪಾಠವೇ ಸಾಕು. ಲೆಕ್ಕ ಗೊತ್ತಿದ್ದೂ ಚಿಹ್ನೆ ತಪ್ಪುವವರಿಗೆ ಸಂಜೆ ಅರ್ಧ ಗಂಟೆ. ಬುಡವೇ ಇಲ್ಲದ ಆರು ಮಕ್ಕಳು, ನನ್ನ ಮಗಳೂ ಸೇರಿ, ಬೆಳಿಗ್ಗೆ ಒಂಬತ್ತಕ್ಕೆ ನಿಮ್ಮ ಮೇಜಿನ ಸುತ್ತ. ತಿಂಗಳಿಗೊಂದು ಸಣ್ಣ ಟೆಸ್ಟ್, ಅದರ ಮೇಲೆ ಕಟ್ಟು ಬದಲು.

ಆಗಸ್ಟ್‌ನಲ್ಲಿ ನಾನೇ ಬಂದು ಪಾಸಿಂಗ್ ಪ್ಯಾಕೇಜ್, ಅಂದರೆ ಪಾಸಾಗುವಷ್ಟಕ್ಕೆ ಆರಿಸಿಕೊಟ್ಟ ಪ್ರಶ್ನೆ-ಪಾಠಗಳ ಕಂತೆ, ಕೇಳಿದ್ದೆ. ಆಗ ಪಾಸಿಗೆ 80ಕ್ಕೆ 28 ಬಂದರೆ ಸಾಕಿತ್ತಲ್ಲ, ಅದು ನನ್ನ ಲೆಕ್ಕ. "ಜನವರಿಗೆ ಕೊಡ್ತೀನಮ್ಮ. ಈಗ ಮನೇಲಿರೋ ಹಳೇ ಅಳತೆ ಟೇಪೊಂದು ಕೊಟ್ಟು ಕಳಿಸಿ" ಅಂದಿರಿ. ನಾನು ಬ್ಲೌಸ್ ಹೊಲಿಯುವವಳು. ಕಾಲು, ಅರ್ಧ, ಮುಕ್ಕಾಲು ಇಂಚು ನನ್ನ ಬೆರಳಿಗೇ ಗೊತ್ತು. ಅದೇ ಭಿನ್ನರಾಶಿ ಅಂತ ಹೊಳೆದಿರಲಿಲ್ಲ ನೋಡಿ! ಒಂದು ಸಂಜೆ ಮಷಿನ್ ತುಳಿಯುತ್ತಲೇ, "ಐದೂಮುಕ್ಕಾಲಲ್ಲಿ ಒಂದೂವರೆ ಕಳಿ" ಅಂದೆ. "ನಾಲ್ಕೂಕಾಲು" ಅಂದವಳು, ಕತ್ತರಿಸಿಟ್ಟ ಪೇಪರ್ ಮೇಲೆ ಛೇದ ಸಮ ಮಾಡಿ ಬರೆದೂ ತೋರಿಸಿದಳು. ಆ ಪೇಪರ್ ಇನ್ನೂ ಡ್ರಾಯರ್‌ನಲ್ಲಿದೆ.

ಆ ಆರು ಮಕ್ಕಳಿಗೆಂದು ಹಾಲು ಮೊದಲೇ ಕಾಯಿಸಿಡುತ್ತಿದ್ದ ಬಿಸಿಯೂಟದ ಅಕ್ಕನಿಗೆ, ಬಸ್ಸಿನಲ್ಲಿ ಮಗಳ ಪಕ್ಕ ಕೂತು ದಿನವೂ ಒಂದು ಲೆಕ್ಕ ಬಿಡಿಸಿದ ಅವಳ ಗೆಳತಿಗೆ ನನ್ನ ನಮಸ್ಕಾರ. ಆ ಗೆಳತಿ ಮೊದಲ ಕಟ್ಟಿನವಳು.

ಆ ಆರು ಮಕ್ಕಳಲ್ಲಿ ಒಬ್ಬ ಹುಡುಗನಿಗೆ ಈ ಸಲ ಪಾಸಾಗಲು ಆಗಲಿಲ್ಲ. ಮತ್ತೆ ಬರೆಯುವವರಿಗಿರುವ ಪರೀಕ್ಷೆ-2ಕ್ಕೆಂದು ರಜೆಯಲ್ಲೂ ಅವನನ್ನು ಒಂಬತ್ತಕ್ಕೆ ಕರೆಸುತ್ತಿದ್ದೀರಂತೆ. ಟೇಪ್ ನಿಮ್ಮ ಹತ್ತಿರವೇ ಇರಲಿ ಸಾರ್.